ಬಾವಿ ದಂಡೆಯ ಗೌರಿ ಹೂ

ಗೌರಿ ಹೂವಿನ ಬೀಜವನ್ನು ಬಿಸಿಲೇರಿದ ಮೇಲೆ ಬಿಡಿಸಲು ಹೋಗುವವರಿಗೆ ಬುದ್ಧಿ ಹೇಳುವುದನ್ನು ನಾನು ಬಿಟ್ಟು ಬಹಳ ದಿನವಾಯಿತು. ಬಲಿತ ಕಾಯಿಗೆ ಬೆರಳು ತಾಗಿದರೆ ಸಾಕು, ಪಟ್ಟನೆ ಸಿಡಿದು ಬೀಜವನ್ನೆಲ್ಲ ಮಣ್ಣಿಗೆ ಚೆಲ್ಲಿಬಿಡುತ್ತದೆ. ಆಮೇಲೆ ಸಾಸಿವೆಯಂಥ ಕಾಳನ್ನು ಕೆಸರಿನಲ್ಲಿ ಹುಡುಕುತ್ತ ಕೂರಬೇಕು. ಇಬ್ಬನಿ ಆರುವ ಮುಂಚೆ ಹೋಗಬೇಕು, ಕಾಯಿಯನ್ನು ಅಂಗೈಯೊಳಗೆ ಪೂರ್ತಿ ಮುಚ್ಚಿಕೊಂಡು ಕೀಳಬೇಕು, ಸಿಡಿಯುವುದಿದ್ದರೆ ಮುಷ್ಟಿಯೊಳಗೇ ಸಿಡಿಯಲಿ. ಇದನ್ನು ನನಗೆ ಕಲಿಸಿದವಳು ಅವ್ವ. ಅವಳು ಕಲಿಸಿದ್ದು ಬಹಳ, ನಾನು ಸರಿಯಾಗಿ ಕಲಿತದ್ದು ಇದೊಂದೇ ಎಂದು ನಮ್ಮ ಯಜಮಾನರು ಛೇಡಿಸುತ್ತಾರೆ.

ದಕ್ಷಿಣದ ಕಡೆಯವರು ಈ ಗಿಡಕ್ಕೆ ಕರ್ಣಕುಂಡಲ ಎನ್ನುತ್ತಾರೆ. ನಮ್ಮೂರಿಂದ ನಾಲ್ಕು ಹೆಜ್ಜೆ ನಡೆದು ಮರಾಠಿ ಮಾತಿನ ಗಡಿ ದಾಟಿದರೆ ಅದೇ ತೇರಡಾ. ನಮಗೆ ಅದು ಗೌರಿ ಹೂ, ಯಾಕೆಂದರೆ ಭಾದ್ರಪದದಲ್ಲಿ ನಮ್ಮ ಮನೆಗೆ ಬರುವ ಗೌರಿ ಮಣ್ಣಿನವಳೂ ಅಲ್ಲ, ಬೆಳ್ಳಿಯವಳೂ ಅಲ್ಲ. ಬೇರು ಸಮೇತ ಕಿತ್ತ, ಮೈತುಂಬ ಹೂವಿರುವ ಈ ಗಿಡವೇ ಗೌರಿ. ಗಿಡಕ್ಕೆ ಸೀರೆ ಉಡಿಸಿ, ಸರ ಹಾಕಿ, ಮೂರು ದಿನ ಮನೆಯ ಮಗಳ ಹಾಗೆ ಇಟ್ಟುಕೊಂಡು ಕಳಿಸಿಕೊಡುತ್ತೇವೆ. ತೇರಡಾದ ರಂಗು ಮೂರೇ ದಿನ ಎಂಬ ಗಾದೆ ಗಡಿಯ ಎರಡೂ ಕಡೆ ಇದೆ. ಚೆಂದ ಬಾಳಿಕೆ ಬರುವುದಿಲ್ಲ ಎಂದು ಅದರ ಅರ್ಥ. ಹೂವಿನ ಮೇಲೆ ಹೊರಿಸಿದ ಈ ಅಪವಾದ ನನಗೆ ಎಂದೂ ಸರಿಬಂದಿಲ್ಲ. ಗಿಡವನ್ನು ಕಿತ್ತು ತಂದು ಬಾಡಿತು ಎಂದರೆ ತಪ್ಪು ಯಾರದು?

ನಾನು ಐನಾಪುರದ ಮಗಳು, ಅಥಣಿಯ ಸೊಸೆ. ಅಥಣಿಯ ನಮ್ಮ ಮನೆಯಲ್ಲಿ ಎಲ್ಲ ಇದೆ, ಮಣ್ಣೊಂದಿಲ್ಲ. ಅಂಗಳಕ್ಕೆಲ್ಲ ಫರಸಿ ಕಲ್ಲು ಹಾಕಿಸಿದ್ದಾರೆ. ತುಳಸಿ ಕಟ್ಟೆಯಲ್ಲಿ ಇರುವಷ್ಟೇ ಮಣ್ಣು. ಹಾಗಾಗಿ ನನ್ನ ತೋಟಗಾರಿಕೆಯೆಲ್ಲ ತವರಿನಲ್ಲೇ ನಡೆಯಿತು. ಐನಾಪುರದಲ್ಲಿ ಊರಿನಿಂದ ಹೊರಗೆ, ಡಾಂಬರು ರಸ್ತೆಗೆ ಹತ್ತಿಕೊಂಡೇ ಅಪ್ಪನ ಹೊಲ. ಹಿಂದೆ ದ್ರಾಕ್ಷಿ, ಅದರಾಚೆ ಕಬ್ಬು, ಮುಂದೆ ರಸ್ತೆಯ ಬದಿಗೆ ಕಲ್ಲು ಕಟ್ಟಿದ ಹಳೆಯ ಬಾವಿ. ಬಾವಿಯ ದಂಡೆ ಅವ್ವನದಾಗಿತ್ತು.

ಮೊದಲು ಗೌರಿ ಹೂವನ್ನು ಯಾರೂ ಬೆಳೆಯುತ್ತಿರಲಿಲ್ಲ. ಹಳ್ಳದ ಬದಿಗೆ, ಕಾಲುವೆಯ ಏರಿಗೆ ತಾನೇ ಹುಟ್ಟಿ ತಾನೇ ಸಾಯುತ್ತಿತ್ತು. ಕಬ್ಬಿಗೆ ಕಳೆ ಸಾಯಿಸುವ ಔಷಧ ಹೊಡೆಯುವುದು ಶುರುವಾಯಿತು ನೋಡಿ, ಹಳ್ಳದ ಬದಿ ಬೋಳಾಯಿತು. ಒಂದು ವರ್ಷ ಊರಿನ ಹೆಂಗಸರೆಲ್ಲ ಗೌರಿಯನ್ನು ಹುಡುಕುತ್ತ ಅಲೆದರು. ಕೆಲವರು ಪೇಟೆಯಲ್ಲಿ ಕಟ್ಟು ಕಟ್ಟಿ ಮಾರುವ ಬಾಡಿದ ಗಿಡ ತಂದರು. ಅವ್ವ ಆ ವರ್ಷವೇ ಬೀಜ ಹುಡುಕಿ ತಂದು ಬಾವಿಯ ದಂಡೆಗೆ ಹಾಕಿದಳು. ಕೊಂಡು ತಂದ ಗೌರಿ ಅತಿಥಿ, ಮನೆಯ ಮಣ್ಣಿನಲ್ಲಿ ಬೆಳೆದವಳು ಮಗಳು ಎಂಬುದು ಅವಳ ವಾದ. ಅವ್ವ ಹೋದ ಮೇಲೆ ದಂಡೆ ನನಗೆ ಬಂತು. ಬಂತು ಎಂದರೆ, ಯಾರೂ ಕೊಡಲಿಲ್ಲ, ಯಾರೂ ಕೇಳಲಿಲ್ಲ. ನಾನು ಹೋಗಿ ಕಳೆ ತೆಗೆಯುವ ಕುರುಪಿ ಹಿಡಿದು ಕೂತೆ.

ಇಲ್ಲಿ ಸ್ವಲ್ಪ ಜಂಭ ಕೊಚ್ಚಿಕೊಳ್ಳುತ್ತೇನೆ, ಸಹಿಸಿಕೊಳ್ಳಬೇಕು. ಶ್ರಾವಣ ಭಾದ್ರಪದದ ತೋಟ ಮಾಡುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ಬೇಸಿಗೆಯ ಮಲ್ಲಿಗೆಗೆ ನೀರು ಹಾಕಿದರೆ ಮುಗಿಯಿತು. ಚಳಿಗಾಲದ ಸೇವಂತಿಗೆ ತನ್ನ ಪಾಡಿಗೆ ತಾನು ಬರುತ್ತದೆ. ಈ ನಡುವಿನ ಕಾಲದ ಹೂವಿಗೆ ಮಾತ್ರ ಎಲ್ಲವೂ ಶತ್ರು. ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ, ಮೊದಲ ಮಳೆಗೆ ಬೀಜ ಚೆಲ್ಲಬೇಕು. ತಡವಾದರೆ ಹಬ್ಬಕ್ಕೆ ಬರೀ ಎಲೆ ಸಿಗುತ್ತದೆ. ನಾಲ್ಕೆಲೆ ಬಿಟ್ಟಾಗ ಮೋಡ ಕವಿದ ದಿನ ನೋಡಿ ಕಿತ್ತು ಅಂತರ ಕೊಟ್ಟು ನೆಡಬೇಕು. ಬುಡದಲ್ಲಿ ನೀರು ನಿಂತರೆ ದಂಟು ಕೊಳೆಯುತ್ತದೆ, ನೀರು ತಪ್ಪಿದರೆ ಮಧ್ಯಾಹ್ನಕ್ಕೆ ತಲೆ ಬಾಗಿಸುತ್ತದೆ. ಶ್ರಾವಣದ ಜಿಟಿಜಿಟಿಯಲ್ಲಿ ಎಲೆಯ ಮೇಲೆ ಬೂದಿ ಬಳಿದಂತೆ ರೋಗ ಬರುತ್ತದೆ, ಅದಕ್ಕೆ ಬೂದಿಯನ್ನೇ ಚೆಲ್ಲಬೇಕು. ಬೆರಳಿನಷ್ಟು ದಪ್ಪದ ಹುಳುಗಳು ಬೇರೆ. ಅವನ್ನು ಕೈಯಿಂದಲೇ ಆರಿಸಬೇಕು, ಅಸಹ್ಯಪಟ್ಟರೆ ತೋಟ ಮಾಡಬಾರದು.

ಹೂ ಬಿಡುವ ಮೊದಲೇ ಬಣ್ಣ ಹೇಳುವುದು ನನ್ನ ಹೆಮ್ಮೆ. ದಂಟಿನ ಬುಡ ಕೆಂಪಗಿದ್ದರೆ ಕೆಂಪು ಅಥವಾ ಗುಲಾಬಿ ಹೂ, ಹಾಲುಹಸಿರಾಗಿದ್ದರೆ ಬಿಳಿ. ಗುಟ್ಟು ಇಷ್ಟೇ, ಆದರೆ ನಾನು ಕಣ್ಣು ಮುಚ್ಚಿ ಧ್ಯಾನ ಮಾಡಿದಂತೆ ನಟಿಸಿ ಹೇಳುತ್ತಿದ್ದೆ. ಸುತ್ತಲೂ ಚೆಂಡು ಹೂ ಹಚ್ಚುತ್ತಿದ್ದೆ. ತೆಲಸಂಗದ ನಾದಿನಿ ಗಲಾಟೆ ಹೂವಿನ ಬೀಜ ಕೊಟ್ಟಿದ್ದಳು. ಅವರ ಒಣಭೂಮಿಯಲ್ಲಿ ಬೆಳೆದ ಅದಕ್ಕೆ ಬಾವಿಯ ನೀರಿನ ರುಚಿ ಹತ್ತಿ, ಹೇಳಿದ ಮಾತು ಕೇಳದೆ ಹರಡಿತು. ಈಗ ಅಥಣಿಯ ಮಾಳಿಗೆಯ ಮೇಲೆ ಬಣ್ಣದ ಖಾಲಿ ಡಬ್ಬಿಗಳಲ್ಲಿ ಇವನ್ನೆಲ್ಲ ಬೆಳೆಸಲು ನೋಡುತ್ತಿದ್ದೇನೆ. ಗಿಡ ಉದ್ದವಾಗುತ್ತದೆ, ಹೂ ಬಿಡುವುದಿಲ್ಲ.

ನಮ್ಮ ಕಡೆ ಗೌರಿಯನ್ನು ಮನೆಗೆ ತರುವುದು ಮನೆಯ ಮಗಳ ಹಕ್ಕು. ಸೊಸೆ ಬರಮಾಡಿಕೊಳ್ಳುತ್ತಾಳೆ, ಮಗಳು ತರುತ್ತಾಳೆ. ಮದುವೆಯಾಗಿ ಎಷ್ಟು ವರ್ಷವಾದರೂ ಆ ಒಂದು ದಿನ ಮಗಳು ಹೊಸ್ತಿಲಾಚೆಯಿಂದ ಬಂದು ಮನೆಗೆ ಒಳ್ಳೆಯದನ್ನು ನುಡಿಯಬೇಕು. ಅಪ್ಪ ಅವ್ವ ಇಲ್ಲದ ಮೇಲೆ ತವರು ಎಂದರೆ ನನಗೆ ಆ ದಿನವೇ ಆಗಿತ್ತು. ಪಂಚಮಿಗೆ ಕರೆಯುವುದನ್ನು ಅಣ್ಣ ಒಮ್ಮೊಮ್ಮೆ ಮರೆಯುತ್ತಿದ್ದ, ದೀಪಾವಳಿಗೆ ಫೋನಿನಲ್ಲೇ ಮುಗಿಸುತ್ತಿದ್ದ. ಗೌರಿಗೆ ಮಾತ್ರ ನಾನಿಲ್ಲದೆ ಅವರಿಗೆ ನಡೆಯುತ್ತಿರಲಿಲ್ಲ.

ಹೋದ ವರ್ಷ ಯುಗಾದಿ ಮುಗಿದ ವಾರದಲ್ಲಿ ಅಣ್ಣ ಅಥಣಿಗೆ ಬಂದ. ಜೊತೆಗೆ ವೈನಿ, ಅಂದರೆ ಅವನ ಹೆಂಡತಿ. ಮಿರಜ ಕಡೆಯ ಹೆಣ್ಣು, ಮಾತು ಬೆಣ್ಣೆ. ನನಗೆ ಅಕ್ಕ ಇಲ್ಲ ಎಂಬ ಕೊರತೆಯನ್ನು ಮರೆಸಿದವಳು. ಬುಟ್ಟಿ ತುಂಬ ದ್ರಾಕ್ಷಿ ತಂದಿದ್ದರು. ಚಹಾ ಕುಡಿದ ಮೇಲೆ ಅಣ್ಣ ವಿಷಯಕ್ಕೆ ಬಂದ. ಹನಿ ನೀರಾವರಿಗೆ ಸರಕಾರದ ಸಹಾಯ ಸಿಗಬೇಕಾದರೆ ಹೊಲ ಒಬ್ಬರ ಹೆಸರಿಗೇ ಇರಬೇಕಂತೆ. ಅಪ್ಪನ ಆಸ್ತಿಯಲ್ಲಿ ನನ್ನ ಪಾಲು ಬಿಟ್ಟುಕೊಟ್ಟಂತೆ ಹಕ್ಕಸೋಡ ಪತ್ರಕ್ಕೆ ಸಹಿ ಹಾಕಬೇಕಂತೆ.

ನಮ್ಮ ಕಡೆ ಹೆಣ್ಣುಮಕ್ಕಳು ಇದಕ್ಕೆ ಸಹಿ ಹಾಕುವುದು ಹೊಸದಲ್ಲ. ಪಾಲು ಕೇಳಿದವಳಿಗೆ ತವರಿಲ್ಲ, ಪಾಲು ಬಿಟ್ಟವಳಿಗೆ ಸೀರೆ, ಕುಪ್ಪಸ, ಕರೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ಯಜಮಾನರು, “ಪೂರ್ತಿ ಓದಿ ಸಹಿ ಮಾಡು, ಯಾಕ ಬೇಕಾಗೇತಿ ಅಂತ ವಿಚಾರ ಮಾಡು” ಎಂದರು. ನಾನು ಅವರ ಮೇಲೆಯೇ ಹರಿಹಾಯ್ದೆ. ನನ್ನ ಅಣ್ಣ, ನನ್ನ ತವರು, ನಡುವೆ ನಿಮ್ಮದೇನು ಎಂದೆ. ಅವರು ಅಂದಿನ ದಿನಪತ್ರಿಕೆ ಎತ್ತಿಕೊಂಡು ಮಾಳಿಗೆಗೆ ಹೋದರು.

ನಾನು ಕೇಳಿದ್ದು ಒಂದೇ. “ಅಣ್ಣಾ, ಹೊಲಾ ಎಲ್ಲಾ ನಿಂದ. ಬಾವಿ ದಂಡಿ ಒಂದ ನನಗ ಇರಲಿ. ನಾ ಇರೂತನಕ ನಮ್ಮ ಗವರವ್ವ ಅಲ್ಲಿಂದನ ಬರಬೇಕು, ನನ್ನ ಕೈಲೆನ ಬರಬೇಕು.”

ಅಣ್ಣ ನಕ್ಕುಬಿಟ್ಟ. “ಹುಚ್ಚಿ, ಅದನ್ನ ಕೇಳಬೇಕೇನ? ಅವ್ವನ ಆಣಿ, ಆ ದಂಡಿಗೆ ಯಾರೂ ಕೈ ಹಚ್ಚೂದಿಲ್ಲ.”

ವೈನಿ ನನ್ನ ಕೈ ಹಿಡಿದುಕೊಂಡಳು. “ನಮ್ಮವ್ವಾ, ನೀರ ಹಾಕಾಕ ನಾ ಇಲ್ಲೇನ? ನೀ ಬೀಜಾ ಅಷ್ಟ ಹಾಕಿ ಹೋಗು” ಎಂದಳು. ಮೂಗಿಗೆ ತುಪ್ಪ ಸವರುವುದು ಎಂದರೇನೆಂದು ನನಗೆ ಈಗ ಗೊತ್ತಾಗಿದೆ. ಆಗ ತುಪ್ಪದ ವಾಸನೆಗೇ ಹೊಟ್ಟೆ ತುಂಬಿತ್ತು. ಮರುದಿನ ಕಚೇರಿಗೆ ಹೋಗಿ ಸಹಿ ಹಾಕಿ, ಹೆಬ್ಬೆಟ್ಟು ಒತ್ತಿ, ಮೂವರೂ ಕೂಡಿ ಕಬ್ಬಿನ ಹಾಲು ಕುಡಿದು ಮನೆಗೆ ಬಂದೆವು.

ಆ ವರ್ಷದ ತೋಟದಂಥ ತೋಟವನ್ನು ನಾನು ಮತ್ತೆ ಮಾಡಲಾರೆ. ಮಿರಗ ಸರಿಯಾಗಿ ಹಿಡಿಯಿತು. ಬೀಜ ಹಾಕಿ ಬಂದ ವಾರದಲ್ಲೇ ಮೊಳಕೆ. ಭಾನುವಾರ ಭಾನುವಾರ ಬಸ್ಸು ಹತ್ತಿ ಹೋಗುತ್ತಿದ್ದೆ. ಸೊಂಟ ಹಿಡಿದುಕೊಂಡು ಬಗ್ಗಿ ಕಳೆ ತೆಗೆಯುತ್ತಿದ್ದರೆ ವೈನಿ ಬಾವಿಕಟ್ಟೆಯ ಮೇಲೆ ಕೂತು ಚುರುಮುರಿ ತಿನ್ನುತ್ತ, “ಅಗ ಬಾಯಿ, ಈ ಸಲ ಗವರವ್ವ ಕಬ್ಬಿನಕಿಂತ ಎತ್ತರ ಆಕ್ಕಾಳ” ಎನ್ನುತ್ತಿದ್ದಳು. ನಾನು ಹೋಗಲಾಗದ ವಾರ ಅವಳೇ ಫೋನಿನಲ್ಲಿ ಫೋಟೋ ಕಳಿಸುತ್ತಿದ್ದಳು. ಮೊದಲ ಬಿಳಿ ಹೂ ಬಿಟ್ಟ ದಿನ ಬೆಳಗ್ಗೆಯೇ ಕಳಿಸಿದ್ದಳು, ಕೆಳಗೆ ನಾಲ್ಕು ಕೈಮುಗಿದ ಚಿತ್ರ. ಆ ಫೋಟೋವನ್ನು ಎದುರು ಮನೆಯವರಿಗೆ, ಹಾಲಿನವಳಿಗೆ, ಕೊನೆಗೆ ಕೊರಿಯರ್ ತಂದ ಹುಡುಗನಿಗೂ ತೋರಿಸಿದೆ.

ಈಗ ಯೋಚಿಸಿದರೆ ಎದೆ ಉರಿಯುತ್ತದೆ. ಅವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ನೀರು ಹಾಕಿದಳು, ಗೊತ್ತಿದ್ದೂ ಫೋಟೋ ತೆಗೆದಳು.

ಗೌರಿ ತರುವ ದಿನ ಬೆಳಗಿನ ಬಸ್ಸಿಗೇ ಐನಾಪುರಕ್ಕೆ ಹೋದೆ. ಹಸಿರು ಸೀರೆ ಉಟ್ಟು, ತಾಮ್ರದ ಕೊಡ ಹಿಡಿದು ಒಬ್ಬಳೇ ಹೊಲಕ್ಕೆ ನಡೆದೆ. ಪದ್ಧತಿಯೇ ಹಾಗೆ, ತರುವವಳು ಒಬ್ಬಳೇ ಹೋಗಬೇಕು. ದೂರದಿಂದಲೇ ಬಣ್ಣ ಕಾಣುತ್ತಿತ್ತು. ಬಿಳಿ, ಗುಲಾಬಿ, ರಾಣಿ ಬಣ್ಣ, ಸುತ್ತಲೂ ಚೆಂಡು ಹೂವಿನ ಬೇಲಿ. ನಿಂತು ನೋಡಿದೆ. ನನ್ನ ಬೆನ್ನು ನಾನೇ ತಟ್ಟಿಕೊಳ್ಳಬೇಕು ಅನ್ನಿಸಿತು.

ದಂಡೆಯ ಮೇಲೆ, ಹೂವಿನ ಗಿಡಗಳ ನಡುವೆಯೇ, ಉದ್ದಕ್ಕೆ ಸುಣ್ಣದ ಗೆರೆ ಹೊಡೆದಿದ್ದರು. ಮೂಲೆಗೊಂದು ಗೂಟ, ಗೂಟಕ್ಕೆ ಹಳದಿ ದಾರ. ಗೆರೆ ಬಾವಿಯನ್ನೂ ಒಳಗೆ ಹಾಕಿಕೊಂಡಿತ್ತು. ಹನಿ ನೀರಾವರಿಯ ಪೈಪಿಗೆ ಇರಬೇಕು ಎಂದುಕೊಂಡೆ. ನೋಡಿ, ಅಣ್ಣ ಹೇಳಿದ ಸುಳ್ಳನ್ನು ಅವನಿಲ್ಲದಾಗ ನಾನೇ ನನಗೆ ಹೇಳಿಕೊಂಡೆ. ಪೈಪಿಗೆ ಬಾವಿಯ ಸುತ್ತ ಗೆರೆ ಯಾಕೆ ಎಂದು ತಲೆಗೆ ಹೊಳೆಯಲಿಲ್ಲ.

ಬಾವಿಯ ಮೆಟ್ಟಿಲಿಳಿದು ಕೊಡ ತುಂಬಿಕೊಂಡೆ. ಗಿಡ ಕೀಳುವ ಮೊದಲು ಒಂದು ಗುಟುಕು ಬಾವಿಯ ನೀರನ್ನು ಬಾಯಲ್ಲಿ ತುಂಬಿಕೊಳ್ಳಬೇಕು. ಅದನ್ನು ನುಂಗುವಂತಿಲ್ಲ, ಉಗುಳುವಂತಿಲ್ಲ. ಮನೆಯ ತುಳಸಿಯ ಬುಡಕ್ಕೆ ಹಾಕುವ ತನಕ ಮಾತಿಲ್ಲ, ಹಿಂದಿರುಗಿ ನೋಡುವುದಿಲ್ಲ. ಗೌರಿ ಮೂಕಳಾಗಿ ಬರುತ್ತಾಳೆ. ನೀರು ಹಿಡಿದೆ. ಎರಡು ಬಿಳಿ ಹೂವಿನ, ಮೂರು ಗುಲಾಬಿ ಬಣ್ಣದ ಹೂವಿನ ಗಿಡಗಳನ್ನು ಮಣ್ಣು ಸಡಿಲಿಸಿ ಬೇರು ಹರಿಯದ ಹಾಗೆ ಎತ್ತಿ ಕೊಡದಲ್ಲಿ ಇಟ್ಟೆ.

ಅಷ್ಟರಲ್ಲಿ ಹಿಂದಿನ ಕಬ್ಬಿನಿಂದ ಅಣ್ಣನ ಹೊಲದಲ್ಲಿ ಕೆಲಸಕ್ಕೆ ಬರುವ ಹೆಂಗಸು ಹುಲ್ಲಿನ ಹೊರೆ ಹೊತ್ತು ಬಂದಳು. ವರ್ಷಗಳಿಂದ ನನ್ನನ್ನು ಬಲ್ಲವಳು. ಹೊರೆ ಕೆಳಗಿಟ್ಟು ಗೌರಿಗೆ ಕೈಮುಗಿದಳು.

“ಚಲೋ ಆತ ನೋಡ್ರಿ ಅಕ್ಕಾರ. ಇದೊಂದ ವರ್ಷ ಗವರವ್ವ ಇಲ್ಲಿಂದನ ಹೋದ್ಲು. ಮುಂದಿನ ವರ್ಷ ಇಲ್ಲಿ ಎಲ್ಲಿ ಬಾವಿ, ಎಲ್ಲಿ ಹೂವಾ.”

ನಾನು ಅವಳನ್ನೇ ನೋಡಿದೆ. ಬಾಯಲ್ಲಿ ನೀರು.

“ಗೌರಿ ಕಳಿಸಿದ ಮರುದಿನ ಜೆಸಿಬಿ ಬರತೈತಂತಲ್ರಿ. ಬಾವಿ ಮುಚ್ಚಿ ಲಗ್ನಾ ಮಾಡೂ ಮಂಗಲ ಕಾರ್ಯಾಲಯ ಕಟ್ಟಾವ್ರ ಅದಾರಂತ, ಜಾಗಾ ತುಗೊಂಡಾವ್ರು. ನಿಮ್ಮ ಅಣ್ಣಾವ್ರು ಶಿವರಾತ್ರಿ ಮುಂದನ ಮಾತ ಮುಗಿಸಿದ್ರು.” ನನ್ನ ಮುಖ ನೋಡಿ ಅವಳ ದನಿ ಸಣ್ಣದಾಯಿತು. “ನಿಮಗ ಗೊತ್ತಿಲ್ಲೇನ್ರಿ? ನಿಮ್ಮ ಸಹಿ ಆದ ಮ್ಯಾಲೆನ ಎಲ್ಲಾ ಆತು ಅಂದ್ರಲ್ರಿ.”

ಶಿವರಾತ್ರಿಗೆ ಮಾತು ಮುಗಿದಿತ್ತು. ಯುಗಾದಿಗೆ ನನ್ನ ಮನೆಗೆ ದ್ರಾಕ್ಷಿ ಬಂತು. ಹನಿ ನೀರಾವರಿಯೂ ಇರಲಿಲ್ಲ, ಸರಕಾರವೂ ಇರಲಿಲ್ಲ. ಅವ್ವನ ಆಣೆ ಇಟ್ಟಾಗಲೇ ಅವ್ವನ ದಂಡೆ ಮಾರಿಹೋಗಿತ್ತು. ಅವಳನ್ನು ಹಿಡಿದು ನಿಲ್ಲಿಸಿ ಎಷ್ಟೋ ಕೇಳಬೇಕಿತ್ತು. ಗಂಟಲ ತನಕ ಬಂದ ಮಾತಿಗೆ ಬಾಯಿ ಖಾಲಿ ಇರಲಿಲ್ಲ. ಅವಳು ತಪ್ಪು ಮಾಡಿದವಳಂತೆ ಹೊರೆ ಎತ್ತಿಕೊಂಡು ಹೋದಳು. ಪಾಪ, ಆ ಹೊಲದಲ್ಲಿ ಅಂದಿನವರೆಗೆ ನನಗೆ ನಿಜ ಹೇಳಿದವಳು ಅವಳೊಬ್ಬಳೇ.

ಕೊಡವನ್ನು ಅಲ್ಲೇ ಬಾವಿಗೆ ಎಸೆದು ಅಥಣಿಯ ಬಸ್ಸು ಹತ್ತಿಬಿಡಬೇಕು ಅನ್ನಿಸಿತು. ಕೈ ಬರಲಿಲ್ಲ. ಕೊಡದಲ್ಲಿದ್ದದ್ದು ಅಣ್ಣನ ಆಸ್ತಿಯಲ್ಲ, ಗೌರಿ. ಕಿತ್ತ ಮೇಲೆ ಅವಳು ಮನೆ ಸೇರಲೇಬೇಕು. ಕೊಡ ಎದೆಗೆ ಹಿಡಿದು ನಡೆದೆ. ಮಾತಾಡಬಾರದು ಎಂದು ಪದ್ಧತಿ ಹೇಳುತ್ತದೆ, ಅಳಬಾರದು ಎಂದು ಹೇಳುವುದಿಲ್ಲ. ಅತ್ತೆ. ಹೂವು ಮುಖಕ್ಕೆ ಅಡ್ಡ ಇದ್ದದ್ದರಿಂದ ಯಾರಿಗೂ ಕಾಣಲಿಲ್ಲ. ದಾರಿಯಲ್ಲಿ ಕಟ್ಟೆಯ ಮೇಲೆ ಕೂತವರು ಎದ್ದು ಕೈಮುಗಿದರು. ಯಾರೋ ಒಬ್ಬರು, “ಎಷ್ಟ ಲಕ್ಷಣ ಅದಾಳ ಗವರವ್ವ” ಎಂದರು. ದಾರಿಯುದ್ದಕ್ಕೂ ನನ್ನನ್ನು ಸುಟ್ಟದ್ದು ಹೊಲ ಹೋಯಿತೆಂಬ ಸಂಕಟವಲ್ಲ. ಕುರಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ, ಸರಿ. ಆದರೆ ನಾನು ಕುರಿ ಎಂದು ಈ ಮನೆಯಲ್ಲಿ ತೀರ್ಮಾನವಾದದ್ದು ಯಾವಾಗ?

ಬಾಗಿಲಲ್ಲಿ ಓಣಿಯ ಹೆಂಗಸರೆಲ್ಲ ಸೇರಿದ್ದರು. ಹೊಸ್ತಿಲಿನಿಂದ ದೇವರ ಮನೆಯ ತನಕ ಕುಂಕುಮದ ಹೆಜ್ಜೆ ಬಿಡಿಸಿದ್ದರು. ಒಳಗಿಂದ ಸಬ್ಬಸಗಿ ಪಲ್ಯದ ವಾಸನೆ. ಬಂದ ದಿನ ಗೌರಿಗೆ ಅದೇ ಎಡೆ, ಜೊತೆಗೆ ಭಕ್ರಿ. ವೈನಿ ನನ್ನ ಪಾದಕ್ಕೆ ನೀರು ಹಾಕಿ, ಭಕ್ರಿಯ ತುಂಡು ನಿವಾಳಿಸಿ ಬೀದಿಗೆ ಎಸೆದಳು. ಬಗ್ಗಿದ ಅವಳ ತಲೆಯನ್ನೇ ನೋಡುತ್ತ ನಿಂತಿದ್ದೆ. ತುಳಸಿಯ ಬುಡಕ್ಕೆ ಬಾಯಿಯ ನೀರು ಹಾಕಿದೆ.

ನೀರು ಹಾಕಿದ ಮೇಲೆ ಬಾಯಿ ಬರುತ್ತದೆ, ಆದರೆ ಮಾತು ನಮ್ಮದಲ್ಲ. ಗೌರಿಯನ್ನು ಪೀಠದ ಮೇಲೆ ಕೂರಿಸುವ ತನಕ ತಂದವಳ ಬಾಯಲ್ಲಿ ಗೌರಿಯೇ ಆಡುತ್ತಾಳೆ. ಅವಳನ್ನು ಮನೆಯ ಒಂದೊಂದೇ ಕೋಣೆಗೆ ಕರೆದೊಯ್ದು ಏನು ನೋಡುತ್ತಿ ಎಂದು ಕೇಳುತ್ತಾರೆ. ಅವಳು ಏನು ನುಡಿಯುತ್ತಾಳೋ ಮುಂದಿನ ಗೌರಿಯ ತನಕ ಮನೆಗೆ ಅದೇ ಆಗುತ್ತದೆ ಎಂಬ ನಂಬಿಕೆ. ಹಾಗಾಗಿ ಉತ್ತರಗಳು ಮೊದಲೇ ಗೊತ್ತು. ಅವ್ವನ ಅತ್ತೆಯ ಕಾಲದಿಂದ ಒಂದಕ್ಷರ ಬದಲಾಗಿರಲಿಲ್ಲ.

ಒಲೆಯ ಮುಂದೆ ವೈನಿ ಕೇಳಿದಳು. “ಗವರವ್ವಾ, ಗವರವ್ವಾ, ಏನ ನೋಡಾಕತ್ತಿ?”

“ಉಕ್ಕೂ ಹಾಲ ನೋಡಾಕತ್ತೇನಿ.”

ಕಾಳಿನ ಕೋಣೆಯಲ್ಲಿ ಮತ್ತೆ ಕೇಳಿದಳು. ಇಲ್ಲಿ ನಾಲಿಗೆ ತಡವರಿಸಿತು. ಖಾಲಿ ಕಣಜ ಎಂದುಬಿಡಲೇ ಎಂದು ಒಂದು ಕ್ಷಣ ಕೆಟ್ಟ ಬುದ್ಧಿ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಆ ಕಾಳನ್ನು ಉಣ್ಣುವವರಲ್ಲಿ ಅಣ್ಣನ ಮೊಮ್ಮಕ್ಕಳೂ ಇದ್ದಾರೆ. “ತುಂಬಿದ ಕಣಜ ನೋಡಾಕತ್ತೇನಿ” ಎಂದೆ. ಕೊಟ್ಟಿಗೆಯಲ್ಲಿ, “ಕರಾ ಹಾಕಿದ ಆಕಳ ನೋಡಾಕತ್ತೇನಿ” ಎಂದೆ. ಹೆಂಗಸರು ಒಂದೊಂದು ಉತ್ತರಕ್ಕೂ ಹೂಂ ಎಂದು ಅಕ್ಷತೆ ಹಾಕುತ್ತಿದ್ದರು.

ಕೊನೆಗೆ ದೇವರ ಮನೆ. ಅಲ್ಲಿ ಕೇಳುವವನು ಮನೆಯ ಯಜಮಾನ. ಅಣ್ಣ ಹೊಸ ಧೋತರ ಉಟ್ಟು, ಹಣೆಗೆ ಗಂಧ ಹಚ್ಚಿ ಪೀಠದ ಪಕ್ಕ ನಿಂತಿದ್ದ. ನನ್ನ ಕಡೆ ನೋಡಿ ಮುಗುಳ್ನಕ್ಕ. ಆ ನಗುವಿನಲ್ಲಿ ಕಪಟವಿರಲಿಲ್ಲ, ಅದೇ ನನಗೆ ಹೆಚ್ಚು ನೋಯಿತು. ಅವನ ಲೆಕ್ಕಕ್ಕೆ ಎಲ್ಲ ಸರಿಯಾಗಿಯೇ ಇತ್ತು.

“ಗವರವ್ವಾ, ಗವರವ್ವಾ, ಏನ ನೋಡಾಕತ್ತಿ?”

ಹೇಳಬೇಕಾದದ್ದು, ಅಣ್ಣ ತಂಗಿ ಕೂಡಿದ ಮನಿ ನೋಡಾಕತ್ತೇನಿ ಎಂದು. ಮದುವೆಯಾದ ವರ್ಷದಿಂದ ಹೇಳಿಕೊಂಡು ಬಂದ ಮಾತು. ಹಾಲು, ಕಾಳು, ಆಕಳು ಅವರ ಪಾಲಿನದು, ಒಳ್ಳೆಯದಾಗಲಿ ಎಂದು ನುಡಿದೆ. ಈ ಮಾತಿನಲ್ಲಿ ನಾನೂ ಇದ್ದೆ. ನನ್ನನ್ನು ಸೇರಿಸಿ ಸುಳ್ಳು ಹೇಳಲು ಗೌರಿಗೂ ಬಾಯಿ ಬರಲಿಲ್ಲ.

ಅಣ್ಣ ಮತ್ತೆ ಕೇಳಿದ. ನಾನು ಮರೆತೆನೆಂದುಕೊಂಡು ಮೆಲ್ಲಗೆ ಹೇಳಿಯೂ ಕೊಟ್ಟ. “ಅಣ್ಣ ತಂಗಿ ಕೂಡಿದ ಮನಿ ಅನ್ನ ತಂಗೆವ್ವ.”

“ಏನೂ ಕಾಣವೊಲ್ದು” ಎಂದೆ.

ಅಕ್ಷತೆ ಹಿಡಿದ ಕೈಗಳು ಹಾಗೇ ನಿಂತವು. ವೈನಿಯ ಮುಖ ಸುಣ್ಣವಾಯಿತು. ಅವಳು ಜಾಣೆ, ಕೂಡಲೇ ಸಾವರಿಸಿಕೊಂಡು, “ಹೂವಾ ಕಣ್ಣಿಗೆ ಅಡ್ಡ ಬಂದಾವ, ಅದಕ್ಕ ಹಂಗ ಅಂದಾಳ” ಎಂದು ನನ್ನ ಕೈಯಿಂದ ಕೊಡ ಇಸಿದುಕೊಂಡು ಪೀಠದ ಮೇಲೆ ಇಟ್ಟಳು. ಯಾರೋ ಗಡಿಬಿಡಿಯಲ್ಲಿ ಆರತಿಯ ಹಾಡು ಎತ್ತಿದರು. ನಾನು ಹಿತ್ತಲಿಗೆ ನಡೆದೆ.

ಅಣ್ಣ ಹಿಂದೆಯೇ ಬಂದ. “ಹಬ್ಬದ ದಿನ ದೇವರ ಮನ್ಯಾಗ ನಿಂತ ಅಪಶಕುನ ನುಡದಿ. ಯಾರ ಏನ ಮಾಡ್ಯಾರ ನಿನಗ?”

“ಬಾವಿ ಮಾರೀದಿ” ಎಂದೆ. ಅಷ್ಟೇ ಹೊರಟಿತು.

ಅವನು ಹಿತ್ತಲ ಬಾಗಿಲನ್ನು ಮುಂದೆ ಮಾಡಿದ. ಹೇಳಿದವರು ಯಾರು ಎಂದು ಕೇಳಲಿಲ್ಲ. ಆಮೇಲೆ ದನಿ ಇಳಿಸಿ, ನನಗೇ ಸಮಾಧಾನ ಹೇಳುವವನ ಹಾಗೆ ಶುರುಮಾಡಿದ. “ರಸ್ತಾಕ ಹತ್ತಿದ ಜಾಗಾ, ಮತ್ತ ಅಂಥಾ ಗಿರಾಕಿ ಬರ್ತಾರೇನ? ಅವರು ಆಷಾಢದಾಗನ ಕೆಲಸಾ ಚಾಲೂ ಮಾಡಾವ್ರಿದ್ರು. ನಾನ ತಡದೇನಿ. ನಮ್ಮ ತಂಗಿ ಹೂವ ಹಾಕ್ಯಾಳ, ಗೌರಿ ಮುಗಿಯೂತನಕಾ ಯಾರೂ ಒಂದ ಸಲಿಕಿ ಹಚ್ಚಬ್ಯಾಡ್ರಿ ಅಂತ ಹೇಳೇನಿ. ನಿನ್ನ ಸಲುವಾಗಿ ಇಷ್ಟ ಮಾಡೇನಿ, ಗೊತ್ತೈತೇನ?”

ಇದನ್ನು ಅವನು ಉಪಕಾರವೆಂದು ಹೇಳಿದ. ಮನಸ್ಸಿನಿಂದಲೇ ಹೇಳಿದ. ನನ್ನ ಹೂವು ಅರಳಲಿ, ನನ್ನ ಬಾಯಿಂದ ಒಳ್ಳೆಯ ನುಡಿ ಬೀಳಲಿ, ಆಮೇಲೆ ಮಣ್ಣು ಮುಚ್ಚಲಿ ಎಂದು ಗಂಡ ಹೆಂಡತಿ ಕೂತು ದಿನ ಗೊತ್ತುಮಾಡಿದ್ದರು.

“ಅವ್ವನ ಆಣಿ ಮಾಡಿದ್ದಿ” ಎಂದೆ.

ಅವನು ಗೋಡೆಯ ಕಡೆ ನೋಡಿದ. ಒಳಗೆ ಆರತಿಯ ಹಾಡು ಮುಗಿಯುತ್ತ ಬಂದಿತ್ತು. “ಏನ ಮಾಡ್ಲಿ? ಖರೇ ಹೇಳಿದ್ರ ನೀ ಸಹಿ ಮಾಡ್ತಿದ್ದಿಲ್ಲ” ಎಂದ.

ಒಂದು ಸಲ ಎದುರಿಗೆ ಕೂತು, ಬಾವಿ ಹೋಗುತ್ತದೆ ತಂಗಿ, ನನಗೆ ಬೇಕಾಗಿದೆ ಎಂದಿದ್ದರೆ ನಾನು ಏನು ಮಾಡುತ್ತಿದ್ದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಅಳುತ್ತಿದ್ದೆ. ಬೈಯುತ್ತಿದ್ದೆ. ವೈನಿಯ ಫೋನು ಎತ್ತುತ್ತಿರಲಿಲ್ಲ. ಉಣ್ಣದೆ ಕೂತು ಯಜಮಾನರ ತಲೆ ತಿನ್ನುತ್ತಿದ್ದೆ. ಆಮೇಲೆ ಬಸ್ಸು ಹತ್ತಿ ಹೋಗಿ, ಎಲ್ಲಿ ಸಹಿ ಹಾಕಬೇಕು ತೋರಿಸು ಎನ್ನುತ್ತಿದ್ದೆ. ಕೇಳಿದವನು ಅಣ್ಣನಲ್ಲವೇ?

“ಮಾಡ್ತಿದ್ನಿ ಅಣ್ಣಾ” ಎಂದೆ.

ಅವನು ನನ್ನ ಮುಖವನ್ನು ನೋಡಿದ, ಸಂತೆಯಲ್ಲಿ ದರ ಹೇಳಿದವರ ಮುಖ ನೋಡುವ ಹಾಗೆ. ನಂಬಲಿಲ್ಲ.